ಚೀನಾದ ಮಿಸ್ತ್ರಿಯ ಮಗಳ ಪರೀಕ್ಷಿ

ಗೋವಾದ ದಾಬೋಲಿಮ್‌ನ್ಯಾಗ ನಾವು ಕಟ್ಟೂ ಬಿಲ್ಡಿಂಗಿಗೆ ಲಿಫ್ಟ್ ಕೂಡಿಸಾಕ ಚೀನಾದ ಮಿಸ್ತ್ರಿ ಒಬ್ಬ ಬಂದಿದ್ದ. ಹರಕು ಮುರುಕು ಹಿಂದಿ ಕಲ್ತಿದ್ದ. ಚಾ ಹೊತ್ತಿಗೆ ಅವಾ, ನಾ ಇಬ್ಬರೂ ನಮ್ಮ ನಮ್ಮ ಊರಾಗಿನ ಮಗಳಿಗೆ ಫೋನ್ ಹಚ್ಚಿ, "ಓದಿದ್ಯೇನವಾ?" ಅಂತ ಕೇಳೂದು ರೂಢಿ.

ಒಂದಿನ ಮಿಸ್ತ್ರಿ ಫೋನ್ ಇಟ್ಟಾವನ ಕುಣದಾಡಿದ. "ಕಾಲೇಜು ಸೇರೂ ಪರೀಕ್ಷಿ ಸರಕಾರಿ ದಫ್ತರದಾಗ ಹೆಸರಿರೂ ಸ್ವಂತ ಊರಾಗ ಬರೀಬೇಕು ಅಂತಿತ್ತು ನಮ್ಮ ಕಾಯ್ದೆ. ಈಗ ಬದಲಾಗತೈತಂತ! ಇಲ್ಲಿ ಕೆಲಸ ಮುಗಿಸಿ ಹೋದಮ್ಯಾಲೆ, ಚೀನಾದಾಗ ನಾ ದುಡಿಯೂ ಶಹರಕ್ಕ ಮಗಳ್ನ ಕರ್ಕೊಂತೀನಿ" ಅಂದ. ಆಮ್ಯಾಲೆ, "ನಿನ್ನ ಮಗಳ್ನ ಗೋವಾದ ಸಾಲಿಗೆ ಹಾಕಾಕ ಯಾವ ಕಾಯ್ದೆ ಅಡ್ಡ ಐತಿ?" ಅಂತ ಕೇಳಿದ.

"ಕಾಯ್ದೆ ಅಲ್ಲೋ ಮಾರಾಯಾ, ನಮ್ಮವ್ವ. ಮೊಮ್ಮಗಳ್ನ ಬಿಟ್ಟಿರೂದಿಲ್ಲಂತಾಳ."

"ಸರಕಾರನ ಮೆತ್ತಗಾತು, ಕೇಳಿ ನೋಡು" ಅಂದ.

ಕೇಳಿದೆ. ಅವ್ವ ಒಲ್ಲೆ ಅಂದು ಫೋನ್ ಇಟ್ಟಳು. ಮರುದಿನ ತಾನs ಫೋನ್ ಹಚ್ಚಿ, "ಅಲ್ಲಿ ಜ್ವಾಳದ ಹಿಟ್ಟು ಸಿಗತೈತೇನೋ?" ಅಂದಳು.