ಕೈಗೆ ಸಿಗಬೇಕಾದ ಪುಸ್ತಕ

ದಟ್ಟಗಳ್ಳಿಯಲ್ಲಿ ನಮ್ಮ ಎದುರು ಮನೆಯ ಮೇಷ್ಟ್ರು ಆಪತ್ತಿಗೆಂದೇ ಪುಸ್ತಕ ಕೂಡಿಡುತ್ತಿದ್ದರು. ಪ್ರಥಮ ಚಿಕಿತ್ಸೆ, ವೈರಿಂಗ್, ನಲ್ಲಿ ರಿಪೇರಿ, ಹಾವಿನ ಕಡಿತ, ಎಲ್ಲದಕ್ಕೂ ಒಂದೊಂದು. ಹೊಸದು ಬಂದರೆ ಬೈಂಡು ಹಾಕಿ, ಅದರ ಬೆನ್ನು ಸವರುತ್ತಾ, "ಕರೆಂಟು, ಫೋನು ಎರಡೂ ಕೈಕೊಟ್ರೂ ಪುಸ್ತಕ ಕೈಗೆ ಸಿಗ್ಬೇಕು ಕಣ್ರೀ" ಎನ್ನುತ್ತಿದ್ದರು.

ಒಂದು ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಅವನ್ನೆಲ್ಲ ಮಣೆಯ ಮೇಲೆ ಜೋಡಿಸಿ ಹೂವೇರಿಸಿದ್ದರು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಅವತ್ತೇ ವಡೆ ಕರಿಯುತ್ತಿದ್ದ ಅವರ ಹೆಂಡತಿಯ ಕೈಮೇಲೆ ಕಾದ ಎಣ್ಣೆ ಚೆಲ್ಲಿತು. ಕಿರುಚಿದ್ದು ಕೇಳಿ ನಾವು ಓಡಿದೆವು. ಮೇಷ್ಟ್ರು ಪುಸ್ತಕಗಳತ್ತ ಚಾಚಿದ ಕೈಯನ್ನು ಹೂವು ಕಂಡು ಹಿಂದಕ್ಕೆಳೆದುಕೊಂಡರು. "ಪೂಜೆಗಿಟ್ಬುಟ್ಟಿದೀನಲ್ರೀ..." ಅಷ್ಟರಲ್ಲಿ ಯಾರೋ ಟೂತ್‌ಪೇಸ್ಟ್ ಬಳಿದರು. ಸುಟ್ಟ ಕೈಯನ್ನು ಮೊದಲು ನಲ್ಲಿಯ ಕೆಳಗೆ ಹಿಡಿಯಬೇಕೆಂಬುದು ಪ್ರಥಮ ಚಿಕಿತ್ಸೆಯ ಪುಸ್ತಕದಲ್ಲಿ ಇದ್ದೇ ಇತ್ತು. ಗಾಯ ಕೆಟ್ಟು, ಚರ್ಮ ಬಿಗಿದು, ಎರಡು ಬೆರಳು ಮಡಿಸಲಾಗದಂತಾದವು.

ಆಮೇಲೆ ಮೇಷ್ಟ್ರು "ಪುಸ್ತಕ ಕೈಗೆ ಸಿಗ್ಬೇಕು" ಎಂದದ್ದನ್ನು ನಾನು ಕೇಳಲಿಲ್ಲ. ಮರುವರ್ಷ ಪ್ರಥಮ ಚಿಕಿತ್ಸೆಯ ಪುಸ್ತಕವೊಂದನ್ನು ಮಾತ್ರ ಪೂಜೆಗಿಡದೆ ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದರು. ಆಕೆ ಸೆಟೆದ ಬೆರಳುಗಳಿಂದಲೇ ಅದಕ್ಕೂ ಕುಂಕುಮವಿಟ್ಟು, "ಇದೂ ಸರಸ್ವತೀನೇ ಅಲ್ವೇನ್ರೀ?" ಎಂದರು.