ಕಾರಣ ಸಿಗುವವರೆಗೆ ಗೇಟು ದಾಟಬಾರದು

ನಮ್ಮ ಪೀಣ್ಯದ ರಸ್ತೆಗೆ ಯಮುನಾ ಬಂದಿದ್ದಾಳೆಂದು ತಿಳಿಯಲು ಕಣ್ಣು ಬೇಡ, ಕಿವಿ ಸಾಕು. ಮೊದಲು ಸ್ಕೂಟರಿನ ಹಾರ್ನು, ಆಮೇಲೆ ಅವಳ ಗಂಟಲು, ಆಮೇಲೆ ಅವಳ ಫೋನು. ಆ ಫೋನನ್ನು ಅವಳು ಕಿವಿಗೆ ಹಿಡಿದದ್ದನ್ನು ನಾನಂತೂ ನೋಡಿಲ್ಲ. ಯಾವಾಗಲೂ ಸ್ಪೀಕರ್‌ನಲ್ಲೇ ಮಾತು. ಅವಳ ಅತ್ತೆ ಇವತ್ತು ಏನು ಸಾರು ಮಾಡಿದ್ದಾರೆ ಎನ್ನುವುದು ಅರ್ಧ ರಸ್ತೆಗೆ ಗೊತ್ತಿರುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಯಮುನಾ ಮಾತನ್ನೂ ಬಲ್ಲಳು, ಜಗಳವನ್ನೂ ಬಿಟ್ಟವಳಲ್ಲ.

ಅವಳ ಕೆಲಸ ನೆಟ್‌ವರ್ಕ್ ವೈರುಗಳದ್ದು. ಡಿಪ್ಲೊಮಾ ಮುಗಿಸಿ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಕೂತು, ಫೋನಿನಲ್ಲೇ ಊರವರ ಇಂಟರ್ನೆಟ್ ತಾಪತ್ರಯ ಬಿಡಿಸುತ್ತಿದ್ದಳು. "ಕಣ್ಗೆ ಕಾಣ್ದೇ ಇರೋ ವೈರ್‌ಗೆ ಎಷ್ಟು ದಿನ ಅಂತ ಬಾಯಲ್ಲೇ ಮದ್ದು ಕೊಡ್ಲಿ ಅಕ್ಕಾ?" ಎಂದು ಅದನ್ನು ಬಿಟ್ಟು, ಈಗ ಪೀಣ್ಯದ ಸಣ್ಣ ಸಣ್ಣ ವರ್ಕ್‌ಶಾಪುಗಳನ್ನು ಸುತ್ತುತ್ತಾಳೆ. ಅಂಥ ಒಂದು ವರ್ಕ್‌ಶಾಪಿನಲ್ಲಿ ತಯಾರಾದ ಬಿಡಿಭಾಗಗಳ ಅಳತೆ ನೋಡುವವಳು ನಾನು, ಮಹಾನಂದಾ. ದಿನವಿಡೀ ತಪ್ಪು ಹುಡುಕುವುದೇ ನನ್ನ ಕೆಲಸವಾದ್ದರಿಂದ ನನಗೆ ಬೇಗ ಯಾರೂ ಹಿಡಿಸುವುದಿಲ್ಲ. ಯಮುನಾ ಹಿಡಿಸಿದ್ದು ಅವಳ ಒಂದು ಹಟದಿಂದ.

ಏನೇ ಕೆಟ್ಟಿರಲಿ, ಯಾರ ಮೇಲೆ ಅನುಮಾನವಿದೆಯೋ ಅವರನ್ನೇ ಕರೆದು, ಕೈಗೆ ಟಾರ್ಚು ಕೊಟ್ಟು ತನ್ನ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾಳೆ. "ಕಾರಣ ಸಿಗೋವರ್ಗೂ ಯಾರೂ ಗೇಟ್ ದಾಟಂಗಿಲ್ಲ" ಎನ್ನುತ್ತಾಳೆ. ಈ ಹಟ ಸುಮ್ಮನೆ ಬಂದದ್ದಲ್ಲ. ಅವಳ ಅಪ್ಪ ಮುನಿಕೃಷ್ಣ ಇಲ್ಲೇ ಒಂದು ಕಾರ್ಖಾನೆಯಲ್ಲಿ ನೀರಿನ ಪಂಪು ನೋಡಿಕೊಳ್ಳುತ್ತಿದ್ದರು. ಒಂದು ದಿನ ಮೋಟರ್ ಸುಟ್ಟುಹೋಯಿತು. ನಿನ್ನದೇ ತಪ್ಪು ಎಂದು ಎಲ್ಲರ ಮುಂದೆ ಬೈದು ಮನೆಗೆ ಕಳಿಸಿದರು. ದೋಷ ಇದ್ದದ್ದು ಕರೆಂಟಿನಲ್ಲಿ ಎಂದು ಆಮೇಲೆ ಗೊತ್ತಾದರೂ ಅವರನ್ನು ವಾಪಸ್ ಕರೆಯುವ ಸೌಜನ್ಯ ಯಾರಿಗೂ ಬರಲಿಲ್ಲ. ಆ ಮನುಷ್ಯ ಇವತ್ತಿಗೂ ಆ ಕಾರ್ಖಾನೆಯ ಮುಂದೆ ಹಾಯುವುದಿಲ್ಲ, ಸುತ್ತು ಬಳಸಿ ಹೋಗುತ್ತಾರೆ. ನೆನೆದರೆ ನನಗೇ ಸಿಟ್ಟು ಬರುತ್ತದೆ.

ಕಳೆದ ದಸರೆಯ ಮಾತು. ಆಯುಧಪೂಜೆ, ವಿಜಯದಶಮಿ ಎರಡೂ ಮುಗಿಸಿ ವರ್ಕ್‌ಶಾಪಿನ ಬಾಗಿಲು ತೆಗೆದೆವು. ನಮ್ಮಲ್ಲಿ ಲೋಹ ಕೊರೆಯುವ ಒಂದು ದೊಡ್ಡ ಯಂತ್ರವಿದೆ. ಏನು ಕೊರೆಯಬೇಕು, ಎಷ್ಟು ಕೊರೆಯಬೇಕು ಎಂಬುದೆಲ್ಲ ಲ್ಯಾಪ್‌ಟಾಪಿನಿಂದ ವೈರಿನ ಮೂಲಕ ಅದಕ್ಕೆ ಹೋಗಬೇಕು. ಈಗಿನ ತೆಳು ಲ್ಯಾಪ್‌ಟಾಪುಗಳಲ್ಲಿ ಆ ದಪ್ಪ ವೈರನ್ನು ಚುಚ್ಚಲು ತೂತೇ ಇರುವುದಿಲ್ಲ. ಹಾಗಾಗಿ ನಡುವೆ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಕಪ್ಪು ಅಡಾಪ್ಟರ್. ಅದರ ಬಾಲ ಲ್ಯಾಪ್‌ಟಾಪಿಗೆ, ಬಾಯಿಗೆ ವೈರು. ಅವತ್ತು ಎಲ್ಲ ಚುಚ್ಚಿದರೂ ಯಂತ್ರ ಲ್ಯಾಪ್‌ಟಾಪಿನ ಮಾತು ಕೇಳಲಿಲ್ಲ. ವೈರು ಬದಲಿಸಿದೆವು, ಯಂತ್ರವನ್ನು ಆರಿಸಿ ಹಚ್ಚಿದೆವು. ಅಡಾಪ್ಟರಿನ ಮೇಲಿನ ದೀಪ ಉರಿಯುತ್ತಲೇ ಇತ್ತು. ಅದು ಸರಿಯಿದೆ ಎಂದರೆ ಕೆಟ್ಟದ್ದು ಯಂತ್ರವೇ ಎಂದು ನಮ್ಮ ಯಜಮಾನರು ಸಿದ್ದಲಿಂಗಯ್ಯನವರು ತೀರ್ಮಾನಿಸಿಬಿಟ್ಟರು.

ಆ ಯಂತ್ರ ನಡೆಸುವವನು ಬಸಲಿಂಗ. ಸಿಂದಗಿ ಕಡೆಯವನು, ಬಾಯಿ ಕಡಿಮೆ, ಕೆಲಸ ಜಾಸ್ತಿ. ಪೂಜೆಯ ಹಿಂದಿನ ದಿನ ಯಂತ್ರವನ್ನು ಎಮ್ಮೆ ಮೈ ತೊಳೆಯುವಷ್ಟು ಅಕ್ಕರೆಯಿಂದ ಒರೆಸಿದ್ದ. ಈಗ ಅದೇ ಅವನಿಗೆ ಮುಳುವಾಯಿತು.

"ನೀರು ಬಿಟ್ಟು ಬೋರ್ಡೇ ಹಾಳ್ಮಾಡಿದೀಯಲ್ಲೋ! ಹೋಗು, ನಾಳೆಯಿಂದ ಬರ್ಬೇಡ" ಎಂದು ಯಜಮಾನರು ಎಲ್ಲರ ಮುಂದೆ ಕೂಗಾಡಿದರು.

"ನೀರು ಮುಟ್ಟಿಸಿಲ್ರೀ ಸರ್, ಒಣ ಬಟ್ಟೀಲೆ ಒರಸೀನ್ರೀ" ಎಂದ ಬಸಲಿಂಗ. ಯಾರು ಕೇಳುತ್ತಾರೆ? ಅವನು ಊಟದ ಡಬ್ಬಿ ಎತ್ತಿಕೊಂಡು ಗೇಟಿನ ಕಡೆ ನಡೆದ. ಅಷ್ಟರಲ್ಲಿ ನಾನು ಫೋನಿನಲ್ಲಿ ಎಲ್ಲ ಹೇಳಿ ಕರೆಸಿದ್ದ ಯಮುನಾಳ ಹಾರ್ನು ಕೇಳಿಸಿತು. ಸ್ಕೂಟರನ್ನು ಗೇಟಿಗೆ ಅಡ್ಡವಾಗಿಯೇ ನಿಲ್ಲಿಸಿದಳು.

"ಎಲ್ಗೆ ಹೊರಟ್ರಿ ಅಣ್ಣ? ಬನ್ನಿ ಒಳಗೆ, ಟಾರ್ಚ್ ಹಿಡೀಬೇಕು."

ಯಂತ್ರದ ಹತ್ತಿರ ಅವಳು ಹೋಗಲೇ ಇಲ್ಲ. "ಕೊನೇ ಸಲ ಸರಿಯಾಗಿ ನಡೆದ್ಮೇಲೆ ಏನ್ ಬದಲಾಯ್ತು?" ಎಂದು ಕೇಳಿದಳು. ಏನೂ ಇಲ್ಲ, ಪೂಜೆ ಮಾಡಿದ್ವಿ ಅಷ್ಟೇ, ಎಂದೆವು ಎಲ್ಲರೂ. ಪೂಜೆಯನ್ನು ಯಾರಾದರೂ ಬದಲಾವಣೆಯ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಅವಳು ತಲೆಯಾಡಿಸಿ, ಲ್ಯಾಪ್‌ಟಾಪಿನ ಸಮೇತ ಅದೇ ಅಡಾಪ್ಟರನ್ನು ಆಫೀಸಿಗೆ ಒಯ್ದು, ಅಲ್ಲಿ ಚೆನ್ನಾಗಿ ನಡೆಯುತ್ತಿದ್ದ ಇಂಟರ್ನೆಟ್ ವೈರನ್ನು ಅದಕ್ಕೆ ಚುಚ್ಚಿದಳು. ಅಲ್ಲಿಯೂ ಸಂಪರ್ಕವಿಲ್ಲ.

"ನೋಡಿ ಸಾರ್. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದ್ದೀರ. ನಿಮ್ಮ ಯಂತ್ರಕ್ಕೆ ಏನೂ ಆಗಿಲ್ಲ. ಈ ದೀಪ ಲ್ಯಾಪ್‌ಟಾಪ್‌ನಿಂದ ಕರೆಂಟ್ ಬರ್ತಿದೆ ಅಂತ ಹೇಳುತ್ತೆ, ವೈರ್ ಕೂತಿದೆ ಅಂತಲ್ಲ."

ಬಸಲಿಂಗ ಟಾರ್ಚು ಹಿಡಿದ. ಅವಳು ಅಡಾಪ್ಟರಿನ ಬಾಯೊಳಗೆ ಇಣುಕಿದಳು. ಒಳಗಿನ ಸಣ್ಣ ತಂತಿಗಳ ಮೇಲೆ ಬೆಳ್ಳಗೆ ಸುಣ್ಣದ ಹಾಗೆ ಒಣಗಿ ಕೂತಿತ್ತು. ನಡುವೆ ಒಂದಿಷ್ಟು ಕೆಂಪು. ನೀರಲ್ಲಿ ಕಲಸಿದ ವಿಭೂತಿ, ಮೇಲೆ ಕುಂಕುಮ.

ನಮ್ಮಲ್ಲಿ ಆಯುಧಗಳಿಗೆ ವಿಭೂತಿ ಹಚ್ಚುವವರು ಯಜಮಾನರ ತಾಯಿ ಈಶ್ವರಮ್ಮ. ಅವತ್ತೂ ಬಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಈಗ ಇವಳು ಕೂಗಿ ಹೇಳುತ್ತಾಳೆ, ಮುದುಕಿಯ ಮಾನ ಹೋಗುತ್ತದೆ ಎಂದು ನನಗೆ ದಿಗಿಲಾಯಿತು. ಯಮುನಾ ಹೋಗಿ ಅವರ ಕಾಲ ಬಳಿ ಕೂತಳು. ಅವಳ ದನಿ ತಗ್ಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಅಜ್ಜಿ, ಇದಕ್ಕೂ ಪೂಜೆ ಮಾಡಿದ್ರಾ?"

"ಊಂ ಕಣವ್ವ. ಬಾಯ್ಗೇ ಹಚ್ಚಿದೆ. ಕೆಲ್ಸ ಎಲ್ಲಿಂದ ಆಗ್ತದೋ ಅಲ್ಗೇ ಹಚ್ಬೇಕು. ನೇಗ್ಲಿಗಾದ್ರೆ ಗುಳದ ತುದೀಗೆ ಹಚ್ತಿರ್ಲಿಲ್ವಾ, ಅಂಗೆ. ಯಾಕವ್ವ, ಏನಾಯ್ತು?"

ಯಮುನಾ ಹೇಳಿದಳು. ಈಶ್ವರಮ್ಮ ಕುರ್ಚಿ ಹಿಡಿದು ಎದ್ದು ನಿಂತರು. "ಏ ಸಿದ್ಲಿಂಗ, ಬಾ ಇಲ್ಲಿ. ತಪ್ಪು ನಂದು ಕಣಪ್ಪ. ಆ ಉಡುಗನ ಮ್ಯಾಲೆ ಯಾಕ್ ಆಕ್ತೀಯಾ?" ಎಂದರು. ಎಂಥ ತಾಯಿ!

"ಪೂಜೆ ತಪ್ಪಲ್ಲ ಅಜ್ಜಿ, ಅದರ ಬಾಯಿಗೆ ಒಂದು ಮುಚ್ಚಳ ಹಾಕಿಡ್ಬೇಕಿತ್ತು, ಅಷ್ಟೇ" ಎಂದು ಯಮುನಾ ಲ್ಯಾಪ್‌ಟಾಪಿನಿಂದ ಅಡಾಪ್ಟರನ್ನು ಕಿತ್ತು, ಕ್ಲೀನರ್ ಸಿಂಪಡಿಸಿ, ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿದಳು. ಒಣಗಿದ ಮೇಲೆ ಯಂತ್ರದ ವೈರು ಚುಚ್ಚಿದಾಗ ಅಡಾಪ್ಟರಿನ ಬಾಯಿಯ ಪಕ್ಕ ಅದುವರೆಗೆ ಆರಿದ್ದ ಇನ್ನೊಂದು ಹಸಿರು ದೀಪ ಮಿಣುಕಿತು, ಯಂತ್ರಕ್ಕೆ ಕೆಲಸ ಹೋಯಿತು.

ಸಿದ್ದಲಿಂಗಯ್ಯ ನೆಲ ನೋಡುತ್ತ, "ಸರಿ ಸರಿ, ಹೋಗಿ ಕೆಲ್ಸ ನೋಡೋ" ಎಂದು ಗೊಣಗಿದರು. ಯಮುನಾ ಬಿಡಬೇಕಲ್ಲ!

"ಬೈದಿದ್ದು ಎಲ್ರಿಗೂ ಕೇಳಿಸ್ತಂತೆ ಸಾರ್. ಇದು ಮಾತ್ರ ನನಗೇ ಸರಿಯಾಗಿ ಕೇಳಿಸ್ಲಿಲ್ಲ."

ಒಳ್ಳೇ ಗಿರಾಕಿಯೊಬ್ಬರನ್ನು ಕಳೆದುಕೊಳ್ಳುತ್ತಾಳೆ ಎಂದುಕೊಂಡೆ. ಯಜಮಾನರ ಮುಖ ಕೆಂಪಾಯಿತು. ತಾಯಿಯ ಕಡೆ ನೋಡಿದರು. ಆಮೇಲೆ ಎಲ್ಲರನ್ನೂ ಕರೆಸಿ, ಬಸಲಿಂಗನ ಹೆಗಲ ಮೇಲೆ ಕೈಯಿಟ್ಟು, "ಇವನದ್ದೇನೂ ತಪ್ಪಿಲ್ಲ. ನಾನು ದುಡುಕಿದೆ. ಇವನು ಇಲ್ಲೇ ಇರ್ತಾನೆ" ಎಂದು ಗಟ್ಟಿಯಾಗಿ ಹೇಳಿದರು. ಬಸಲಿಂಗ ಅಳುತ್ತಿದ್ದ. ನಾನೂ ಅತ್ತೆ, ಮುಚ್ಚಿಟ್ಟು ಏನು ಪ್ರಯೋಜನ.

ಟೀ ಹಿಡಿದು ಹೊರಗೆ ಹೋದರೆ ಯಮುನಾ ಸ್ಕೂಟರಿಗೆ ಚೀಲ ಸಿಗಿಸುತ್ತ ಫೋನಿನಲ್ಲಿದ್ದಳು. ಎಂದಿನಂತೆ ಸ್ಪೀಕರ್‌ನಲ್ಲೇ.

"ಅಪ್ಪಾ, ಇವತ್ತು ಒಬ್ರನ್ನ ಕೆಲ್ಸಕ್ಕೆ ವಾಪಸ್ ಕರೆಸ್ದೆ."

ಆ ಕಡೆಯಿಂದ ಮುನಿಕೃಷ್ಣ ಕೇಳಿದರು, "ಎಲ್ಲರ ಮುಂದೇನಾ?"

"ಎಲ್ಲರ ಮುಂದೇನೇ ಅಪ್ಪಾ."