ಸೋಬಾನೆಯ ನಡುವೆ ಎದ್ದು ಓಡಿದವಳು

ನಮ್ಮ ಕಡೆ ಸೋಬಾನೆ ಪದಕ್ಕೊಂದು ಕಟ್ಟಳೆಯಿದೆ. ಧಾರೆಯ ಹೊತ್ತಿಗೆ ಎತ್ತಿದ ಪದವನ್ನು ಮಂಗಳ ಹೇಳುವ ತನಕ ನಡುವೆ ಬಿಡಬಾರದು. ಮುಂದೆ ಹೇಳುವವಳು ಒಬ್ಬಳು, ಹಿಂದಿನಿಂದ ಸೊಲ್ಲು ಕೊಡುವವರು ನಾಲ್ಕೈದು ಜನ. ಭೇರ್ಯದ ಸುತ್ತಮುತ್ತ ತಲೆ ನರೆಯುವ ಮುಂಚಿನಿಂದಲೂ ಮುಂದೆ ಹೇಳಿದವಳು ನಾನು. ನನ್ನ ಗಂಟಲಿನ ಬಗ್ಗೆ ನನಗೆ ಸೊಕ್ಕಿತ್ತು, ಈಗಲೂ ಇದೆ. ಕೈಕೊಟ್ಟಿದ್ದು ಹೊಟ್ಟೆ.

ಕಟ್ಟೆಮಳಲವಾಡಿಯಲ್ಲಿ ಒಂದು ಮದುವೆ. ನೆಂಟರು ಸಾಲಾಗಿ ಬಂದು ಹೆಣ್ಣುಗಂಡಿನ ಕೈಗೆ ಹಾಲೆರೆಯುತ್ತಿದ್ದರು, ನಾನು ಮೈಕ್ ಹಿಡಿದು ಹೇಳುತ್ತಿದ್ದೆ. ಹೊಟ್ಟೆ ಗುಡುಗಿತು, ನುಲಿಯಿತು. ಇನ್ನೊಂದು ನುಡಿ ಹೇಳಿದರೆ ಮಾನ ಹೋಗುತ್ತದೆ ಅನ್ನಿಸಿ ಮೈಕನ್ನು ಪಕ್ಕದವಳ ಮಡಿಲಿಗೆ ಹಾಕಿ ಓಡಿದೆ. ನಾನು ವಾಪಸು ಬರುವಷ್ಟರಲ್ಲಿ ಯಾರೋ ಮೊಬೈಲ್‌ನಿಂದ ಸೋಬಾನೆ ಹಾಕಿದ್ದರು. ಹೆಣ್ಣಿನ ಅಜ್ಜಿ ನನ್ನತ್ತ ನೋಡದೆ, “ಪದ ಮುರೀತಲ್ಲವ್ವ” ಎಂದರು.

ಆಮೇಲೆ ಯಾರೂ ಕರೆಯಲಿಲ್ಲ. “ನಿಮ್ಗ್ಯಾಕೆ ತೊಂದ್ರೆ, ಮೊಬೈಲಲ್ಲೇ ಆಕ್ಕೋತೀವಿ ಬುಡಿ” ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೈಸೂರಿನ ಡಾಕ್ಟರು ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡಿದರು, ರಕ್ತ ತೆಗೆದರು. ಹುಣ್ಣಿಲ್ಲ, ಗಡ್ಡೆಯಿಲ್ಲ, ಇದು ಐಬಿಎಸ್, ಕರುಳು ಕೆರಳುವ ಕಾಯಿಲೆ ಎಂದರು. ಮಿದುಳಿಗೆ ಗಾಬರಿಯಾದರೆ ಕರುಳಿಗೆ, ಕರುಳಿಗೆ ಗಾಬರಿಯಾದರೆ ಮಿದುಳಿಗೆ. ಮಾತ್ರೆ, ಪಥ್ಯ ಎಲ್ಲ ಆಯಿತು, ಅರೆಬರೆ ಗುಣ ಕಂಡಿತು. ಕೊನೆಗೆ ಅವರೇ ಹಿಪ್ನೋಥೆರಪಿ, ಅಂದರೆ ಸಮ್ಮೋಹನದ ಚಿಕಿತ್ಸೆ ಮಾಡುವ ಡಾಕ್ಟರಮ್ಮ ಒಬ್ಬರ ಬಳಿ ಕಳಿಸಿದರು.

ಸಮ್ಮೋಹನ ಎಂಬ ಮಾತು ಕೇಳಿದ್ದೇ ತಡ, ನನ್ನ ವಾರಗಿತ್ತಿ ಬೆಚ್ಚಿಬಿದ್ದಳು. ನನ್ನ ಪದಕ್ಕೆ ಮೊದಲ ಸೊಲ್ಲು ಅವಳದೇ. ತವರು ಅಂತರಸಂತೆ, ಅಲ್ಲಿಯ ಸಂತೆಯಲ್ಲಿ ಮೋಡಿ ಹಾಕುವವರನ್ನು ನೋಡಿ ಬೆಳೆದವಳು.

“ಅದು ವಶೀಕರಣ ಕಣಕ್ಕ. ಕಣ್ಣಲ್ಲಿ ಕಣ್ಣಿಟ್ರೆ ನಿನ್ನ ಓಲೆ ನೀನೇ ಬಿಚ್ಕೊಡ್ತೀಯ.”

ಓಲೆ ಬಿಚ್ಚಿಸಿ ಮನೆಯಲ್ಲೇ ಇಡಿಸಿದಳು. ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ನನ್ನ ಕಾವಲಿಗೆ ತಾನೂ ಬಂದಳು. ಡಾಕ್ಟರಮ್ಮ ನಕ್ಕು ಅವಳಿಗೂ ಒಂದು ಕುರ್ಚಿ ಹಾಕಿಸಿದರು.

ಕಣ್ಣು ಮುಚ್ಚಿ, ಉಸಿರು ನಿಧಾನ ಬಿಡಿ, ನೀವೀಗ ಕಡಲ ತೀರದಲ್ಲಿದ್ದೀರಿ ಎಂದು ಅವರು ಮೆಲ್ಲಗೆ ಹೇಳತೊಡಗಿದರು. ನಾನು ಕಡಲು ಕಂಡಿದ್ದು ಟಿವಿಯಲ್ಲಿ ಮಾತ್ರ. ಅಷ್ಟು ಉದ್ದದ ಮರಳಿನಲ್ಲಿ ಕಕ್ಕಸು ಎಲ್ಲಿರಬಹುದು ಎಂದು ಹುಡುಕುತ್ತಿದ್ದೆ. ಅಷ್ಟರಲ್ಲಿ ಗೊರಕೆ ಕೇಳಿಸಿತು. ಕಣ್ಣು ಬಿಟ್ಟರೆ, ಕಾವಲಿಗೆ ಬಂದವಳು ನಿಂಬೆಹಣ್ಣು ಹಿಡಿದುಕೊಂಡೇ ನಿದ್ದೆ ಹೋಗಿದ್ದಾಳೆ. ಡಾಕ್ಟರಮ್ಮನೂ ನಾನೂ ಬಾಯಿ ಮುಚ್ಚಿಕೊಂಡು ನಕ್ಕೆವು.

ಆ ನಗುವಿನಲ್ಲೇ ಧೈರ್ಯ ಬಂದು, “ನಂಗೆ ಸಮುದ್ರ ಗೊತ್ತಿಲ್ಲ ಕಣಮ್ಮ, ನಾಲೆ ನೀರು ಗೊತ್ತು” ಎಂದೆ. ಗದ್ದೆಗೆ ನೀರು ಕಟ್ಟುವುದು ಹೇಗೆ ಎಂದು ಅವರು ಕೇಳಿದರು. ನೀರು ಜೋರಾಗಿ ನುಗ್ಗಿದರೆ ಬದು ಕಿತ್ತುಹೋಗುತ್ತದೆ, ಅದಕ್ಕೇ ಕಾಲುವೆ ಬಾಯಿಗೆ ಒಂದು ಸನಿಕೆ ಮಣ್ಣು ಹಾಕಿ ಬೇಕಾದಷ್ಟೇ ಬಿಡುತ್ತೇವೆ ಎಂದು ವಿವರಿಸಿದೆ. ಕಡಲನ್ನು ಅವರು ಅಲ್ಲಿಗೇ ಬಿಟ್ಟರು.

“ಕೈ ಹೊಟ್ಟೆ ಮೇಲಿರಲಿ. ನೀರು ಜೋರಾಗಿದೆ. ಒಂದು ಸನಿಕೆ ಮಣ್ಣು ಹಾಕಿ. ಈಗ ನೀವು ಬಿಟ್ಟಷ್ಟೇ ಹರಿಯುತ್ತೆ.”

ಆ ಮಾತುಗಳನ್ನು ರೆಕಾರ್ಡ್ ಮಾಡಿ ನನ್ನ ಮೊಬೈಲಿಗೂ ಹಾಕಿಕೊಟ್ಟರು. ನನ್ನ ಪದ ಕಿತ್ತುಕೊಂಡಿದ್ದ ಮೊಬೈಲು ಕೊನೆಗೂ ಉಪಕಾರಕ್ಕೆ ಬಂತು. ದಿನಾ ಮಧ್ಯಾಹ್ನ ಜಗಲಿಯಲ್ಲಿ ಮಲಗಿ ಕೇಳುತ್ತಿದ್ದೆ. ನಿದ್ದೆಯಲ್ಲ ಅದು, ಕಾಗೆ ಕೂಗಿದ್ದೂ ಕೇಳಿಸುತ್ತದೆ, ಆದರೆ ಎದ್ದು ಓಡಿಸಬೇಕು ಅನ್ನಿಸುವುದಿಲ್ಲ. ವಾರಗಳು ಕಳೆದಂತೆ ನುಲಿತ ಸಡಿಲವಾಯಿತು. ಕಾಯಿಲೆ ಬಿಟ್ಟುಹೋಯಿತು ಎಂದು ಸುಳ್ಳು ಹೇಳಲಾರೆ. ಮೊದಲು ಹೊಟ್ಟೆ ಹೇಳಿದ್ದನ್ನು ನಾನು ಕೇಳುತ್ತಿದ್ದೆ, ಈಗ ನಾನು ಹೇಳಿದ್ದನ್ನು ಅದು ಕೇಳುತ್ತದೆ.

ಪಿರಿಯಾಪಟ್ಟಣದಲ್ಲಿ ತಮ್ಮನ ಮಗಳ ಮದುವೆ ಗೊತ್ತಾಯಿತು. ಪದ ನಾನೇ ಹೇಳುತ್ತೇನೆ ಎಂದೆ. ತಮ್ಮ ತಲೆ ಕೆರೆದುಕೊಂಡ.

“ನಡುವೆ ಮುರುದ್ರೆ ಏನಕ್ಕ ಗತಿ?”

“ಮುರುದ್ರೆ ಇನ್ಮೇಲೆ ನನ್ನ ತವರಿಗೇ ಕರೀಬ್ಯಾಡ” ಎಂದೆ.

ಕಟ್ಟೆಮಳಲವಾಡಿಯ ಆ ಅಜ್ಜಿಯೂ ನೆಂಟಸ್ತಿಕೆಯಲ್ಲಿ ಬಂದು ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ಹಾಲೆರೆಯುವ ಸಾಲು ಛತ್ರದ ಬಾಗಿಲು ದಾಟಿತ್ತು. ಪದ ಅರ್ಧಕ್ಕೆ ಬಂದಾಗ ಹೊಟ್ಟೆ ಗುಡುಗಿತು. ವಾರಗಿತ್ತಿ ಮೈಕಿಗೆ ಕೈಚಾಚಿದಳು, ನಾನು ಕೊಡಲಿಲ್ಲ. ಹಿಂದಿನವರು ಸೊಲ್ಲು ಕೊಡುವಾಗ ಹೊಟ್ಟೆಯ ಮೇಲೆ ಕೈಯಿಟ್ಟು ಒಂದು ಸನಿಕೆ ಮಣ್ಣು ಹಾಕಿದೆ. ಮುಂದಿನ ನುಡಿ ಹೇಳಿದೆ. ಮತ್ತೊಂದು ಸನಿಕೆ. ಆಮೇಲೆ ನೀರು ತನ್ನ ಪಾಡಿಗೆ ಗದ್ದೆಗೆ ಇಳಿಯಿತು, ನಾನು ಪದದೊಳಗೆ ಹೊಟ್ಟೆಯನ್ನೇ ಮರೆತೆ. ಸಾಲಿನ ಕೊನೆಯವರು ಹಾಲೆರೆದು ಕೆಳಗಿಳಿದ ಮೇಲೆಯೇ ಮಂಗಳ ಹೇಳಿದ್ದು. ಅಂಥ ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಅಜ್ಜಿ ಎದ್ದುಬಂದು ನನ್ನ ಕೈ ಹಿಡಿದುಕೊಂಡರು. “ಇನ್ನೊಂದು ಪದ ಏಳವ್ವ.”

“ಏಳ್ತೀನಿ ಕಣಜ್ಜಿ, ಉಂಡ್ಕೊಂಡು. ಅಸಿವಾಗೈತೆ.”

ಎಷ್ಟೋ ಕಾಲದಿಂದ ಹೊಟ್ಟೆಗೆ ಹೆದರಿ ಮದುವೆಮನೆಯಲ್ಲಿ ತೊಟ್ಟು ನೀರನ್ನೂ ಮುಟ್ಟದೆ ಬರುತ್ತಿದ್ದವಳು ನಾನು. ಅವತ್ತು ಮೊದಲ ಪಂಕ್ತಿಯಲ್ಲೇ ಕೂತೆ. ಪಕ್ಕದವರೆಲ್ಲ ಮಜ್ಜಿಗೆ ಮುಗಿಸಿ ಕೈತೊಳೆಯಲು ಎದ್ದರು. ನಾನು ಏಳಲಿಲ್ಲ. ಬಡಿಸುವವನನ್ನು ಕರೆದು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡೆ.